ಪರದೆಯ ಮೇಲಿನ ಎಚ್ಚರಿಕೆ ಎಲ್ಲಿಂದ ಬಂತು? ನಕಲಿ ಆಂಟಿವೈರಸ್ ಗುರುತಿಸಿ ತೆಗೆಯುವ ಕ್ರಮ

“ವೈರಸ್ ಬಂದಿದೆ ಮಾರಾಯ್ರೇ, ಒಮ್ಮೆ ಫಾರ್ಮ್ಯಾಟ್ ಹೊಡೆದು ಕೊಟ್ಟುಬಿಡಿ.” ತೀರ್ಥಹಳ್ಳಿಯಲ್ಲಿ ಕಂಪ್ಯೂಟರ್ ದುರಸ್ತಿಯ ಮೇಜಿನ ಹಿಂದೆ ಕೂತವನಿಗೆ ಅತಿ ಹೆಚ್ಚು ಬಾರಿ ಕೇಳಿಸುವ ಮಾತು ಇದು. ರೋಗ ಯಾವುದು ಎಂಬ ತೀರ್ಮಾನವೂ ಮದ್ದು ಯಾವುದು ಎಂಬ ತೀರ್ಮಾನವೂ ಇದರಲ್ಲಿ ಸೇರಿಕೊಂಡಿವೆ. ಪರೀಕ್ಷೆಯೊಂದು ಮಾತ್ರ ಇಲ್ಲ. ಕಳೆದ ಮಳೆಗಾಲದಲ್ಲಿ ಹೊಸನಗರದ ಕಡೆಯ ಝೆರಾಕ್ಸ್ ಅಂಗಡಿಯೊಂದರಿಂದ ಇದೇ ಮಾತಿನೊಂದಿಗೆ ಒಂದು ಸಿಪಿಯು ಬಂದಿತ್ತು. ಅದರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೋಷಗಳಿದ್ದವು, ಮಾಲೀಕರು ಅವೆಲ್ಲವನ್ನೂ ಒಂದೇ ವೈರಸ್ ಎಂದು ತಿಳಿದಿದ್ದರು. ಆ ಯಂತ್ರದ ತಪಾಸಣೆ ಯಾವ ಕ್ರಮದಲ್ಲಿ ನಡೆಯಿತೋ ಅದೇ ಕ್ರಮದಲ್ಲಿ ಈ ಬರಹವನ್ನು ಜೋಡಿಸಿದ್ದೇನೆ. ವಿಂಡೋಸ್ 10 ಮತ್ತು 11 ಇರುವ ಯಂತ್ರಗಳಿಗೆ ಇಲ್ಲಿನ ವಿವರಗಳು ಅನ್ವಯಿಸುತ್ತವೆ.

ಎಚ್ಚರಿಕೆ ಕಂಡ ಕೂಡಲೇ ಅದರೊಳಗಿನ ಯಾವ ಗುಂಡಿಯನ್ನೂ ಒತ್ತಬಾರದು. ಮೂಲೆಯಲ್ಲಿ ಕಾಣುವ ಇಂಟು ಮಾರ್ಕ್ ಕೂಡ ಎಷ್ಟೋ ಸಲ ಚಿತ್ರದ ಒಂದು ಭಾಗವೇ ಆಗಿದ್ದು, ಮುಚ್ಚಲೆಂದು ಒತ್ತಿದವರಿಗೆ ಇನ್ನೊಂದು ಪುಟವನ್ನೋ ಡೌನ್‌ಲೋಡನ್ನೋ ತೆರೆದುಕೊಡುತ್ತದೆ. ಮೊಬೈಲಿನಲ್ಲಿ ಇಡೀ ಪರದೆಯ ಫೋಟೊ ತೆಗೆದಿಟ್ಟುಕೊಂಡು, ವೈಫೈ ಆಫ್ ಮಾಡಿ ಅಥವಾ ನೆಟ್‌ವರ್ಕ್ ಕೇಬಲ್ ಕಿತ್ತು, ಅನಂತರ ಯೋಚಿಸಬೇಕು. ಫೋಟೊ ಏಕೆಂದರೆ, ರಿಪೇರಿಗೆ ತಂದಾಗ ಎಚ್ಚರಿಕೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ. “ಏನೋ ಕೆಂಪಗೆ ಬಂತು” ಎಂಬಷ್ಟರಿಂದ ಯಾರೂ ಏನನ್ನೂ ಹೇಳಲಾರರು.

ಈಗ ಮೊದಲ ಪ್ರಶ್ನೆ. ಎಚ್ಚರಿಕೆ ಕೊಡುತ್ತಿರುವುದು ಯಾರು? ನಾಲ್ಕು ಸಾಧ್ಯತೆಗಳಿವೆ: ಬ್ರೌಸರಿನಲ್ಲಿ ತೆರೆದಿರುವ ಒಂದು ಜಾಲಪುಟ, ಬ್ರೌಸರಿನ ಮೂಲಕ ಬರುವ ನೋಟಿಫಿಕೇಶನ್, ಯಂತ್ರದೊಳಗೆ ಕೂತಿರುವ ಒಂದು ಪ್ರೋಗ್ರಾಮ್, ಇಲ್ಲವೇ ವಿಂಡೋಸಿನ ಸ್ವಂತ ರಕ್ಷಣಾ ವ್ಯವಸ್ಥೆ. ಇವನ್ನು ಬೇರ್ಪಡಿಸಲು ನಾನು ಬಳಸುವ ಪರೀಕ್ಷೆ ಬಹಳ ಸರಳವಾದದ್ದು. ನೆಟ್ ಸಂಪರ್ಕ ತೆಗೆದ ಸ್ಥಿತಿಯಲ್ಲಿಯೇ ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಬ್ರೌಸರ್ ತೆರೆಯದೆ ಕಾಲು ಗಂಟೆ ಸುಮ್ಮನೆ ಬಿಡಬೇಕು. ಆಗಲೂ ಎಚ್ಚರಿಕೆ ಬಂದರೆ ಅದರ ಮೂಲ ಯಂತ್ರದೊಳಗಿನ ಪ್ರೋಗ್ರಾಮ್, ಇಲ್ಲವೇ ವಿಂಡೋಸಿನ ಸ್ವಂತ ರಕ್ಷಣಾ ವ್ಯವಸ್ಥೆ. ಬಾರದಿದ್ದರೆ ನೆಟ್ ಕೊಟ್ಟು ಮತ್ತೆ ಕಾಯಬೇಕು. ಕೆಳಗಿನ ಬಲಮೂಲೆಯಲ್ಲಿ ಚೌಕವಾಗಿ ಬಂದರೆ ನೋಟಿಫಿಕೇಶನ್, ಬ್ರೌಸರಿನ ಕಿಟಕಿಯೊಳಗೆ ಮಾತ್ರ ಬಂದರೆ ಜಾಲಪುಟ. ಇಲ್ಲಿ ಎಡವುವ ಜಾಗವೊಂದಿದೆ: ಕ್ರೋಮ್ ಕಿಟಕಿಯನ್ನು ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ನಡೆಯುತ್ತಿರಬಹುದಾದ್ದರಿಂದ, “ಬ್ರೌಸರ್ ಮುಚ್ಚಿದರೂ ಬರುತ್ತದೆ, ಹಾಗಾಗಿ ವೈರಸ್ಸೇ” ಎಂಬ ತರ್ಕ ನಿಲ್ಲುವುದಿಲ್ಲ. ನೆಟ್ ತೆಗೆದು ನೋಡುವುದೇ ನಿಜವಾದ ಪರೀಕ್ಷೆ.

ಜಾಲಪುಟದ ವಿಷಯವನ್ನು ಬೇಗ ಮುಗಿಸಬಹುದು. ಪರದೆ ಪೂರ್ತಿ ತುಂಬಿಕೊಳ್ಳುತ್ತದೆ, ಸೈರನ್ ಕೂಗುತ್ತದೆ, ಕಂಪ್ಯೂಟರ್ ಲಾಕ್ ಆಗಿದೆ ಎಂದು ಹೇಳಿ ಫೋನ್ ನಂಬರೊಂದನ್ನು ತೋರಿಸುತ್ತದೆ. ನಂಬರ್ ಇದ್ದರೆ ಅದು ಸುಳ್ಳು ಎಂದು ಅಲ್ಲಿಗೇ ತೀರ್ಮಾನಿಸಬಹುದು, ಏಕೆಂದರೆ ಮೈಕ್ರೋಸಾಫ್ಟಿನ ನಿಜವಾದ ದೋಷಸಂದೇಶಗಳಲ್ಲಿ ಕರೆ ಮಾಡಿ ಎಂದು ಫೋನ್ ನಂಬರ್ ಕೊಡುವ ಪದ್ಧತಿಯೇ ಇಲ್ಲ. ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಪೂರ್ಣಪರದೆ ಬಿಟ್ಟುಹೋಗುತ್ತದೆ; ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ನಿಲ್ಲಿಸಬೇಕು. ಮತ್ತೆ ತೆರೆಯುವಾಗ ಹಳೆಯ ಪುಟಗಳನ್ನು ಮರಳಿ ತೆರೆಯಲೇ ಎಂದು ಬ್ರೌಸರ್ ಕೇಳಿದರೆ ಒಪ್ಪಬಾರದು. ಪುಟ ತೆರೆದುಕೊಂಡದ್ದರ ಹೊರತು ಬೇರೇನನ್ನೂ ಇಳಿಸಿಕೊಳ್ಳದಿದ್ದರೆ, ಯಾರಿಗೂ ಕರೆ ಮಾಡದಿದ್ದರೆ, ಯಂತ್ರಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ.

ನೋಟಿಫಿಕೇಶನ್ ಹಾಗಲ್ಲ. ನನ್ನಲ್ಲಿಗೆ “ವೈರಸ್” ಎಂದು ಬರುವ ಯಂತ್ರಗಳಲ್ಲಿ ದೊಡ್ಡ ಪಾಲು ಇದರದ್ದೇ, ಮತ್ತು ಇದಕ್ಕಾಗಿ ವೃಥಾ ಫಾರ್ಮ್ಯಾಟ್ ಆದ ಯಂತ್ರಗಳನ್ನು ನೆನೆದರೆ ಬೇಸರವಾಗುತ್ತದೆ. ಹೊಸನಗರದ ಅಂಗಡಿಯ ಮೊದಲ ದೋಷವೂ ಇದೇ ಆಗಿತ್ತು. ಪ್ರಸಿದ್ಧ ಆಂಟಿವೈರಸ್ ಕಂಪನಿಗಳ ಲಾಂಛನ ಹೊತ್ತು, ಐದು ವೈರಸ್ ಸಿಕ್ಕಿವೆ, ನಿಮ್ಮ ಚಂದಾ ಮುಗಿದಿದೆ ಎಂದು ಎರಡು ನಿಮಿಷಕ್ಕೊಂದು ಚೌಕ ಬಲಮೂಲೆಯಲ್ಲಿ ಏಳುತ್ತಿತ್ತು. ಆ ಚೌಕವನ್ನು ಕಣ್ಣು ಕಿರಿದು ಮಾಡಿ ನೋಡಿದರೆ ಸಣ್ಣ ಅಕ್ಷರಗಳಲ್ಲಿ ಬ್ರೌಸರಿನ ಹೆಸರೂ ಯಾವುದೋ ಅರ್ಥವಿಲ್ಲದ ಜಾಲತಾಣದ ವಿಳಾಸವೂ ಇರುತ್ತವೆ. ರೋಗನಿರ್ಣಯಕ್ಕೆ ಅಷ್ಟು ಸಾಕು.

ಇದು ಒಳಬರುವ ದಾರಿ ಹೀಗಿದೆ. ಅಡಿಕೆ ಧಾರಣೆ ನೋಡಲೆಂದೋ, ಯಾವುದೋ ಅರ್ಜಿ ನಮೂನೆಯ ಪಿಡಿಎಫ್ ಹುಡುಕಲೆಂದೋ, ಪುಕ್ಕಟೆ ಸಿನಿಮಾಕ್ಕೆಂದೋ ಅಪರಿಚಿತ ತಾಣವೊಂದಕ್ಕೆ ಹೋದಾಗ, ನೀವು ರೋಬೋಟ್ ಅಲ್ಲವೆಂದು ತೋರಿಸಲು “ಅಲೋ” ಒತ್ತಿ ಎಂಬ ಸೂಚನೆ ಕಾಣುತ್ತದೆ. ಒತ್ತಿದವರು ಆ ತಾಣಕ್ಕೆ ತಮ್ಮ ಪರದೆಯ ಮೇಲೆ ಯಾವಾಗ ಬೇಕಾದರೂ ಸಂದೇಶ ಹಾಕುವ ಅನುಮತಿಯನ್ನು ತಾವೇ ಕೊಟ್ಟಂತಾಯಿತು. ಯಂತ್ರದಲ್ಲಿ ಯಾವ ದುಷ್ಟ ಕಡತವೂ ಇಲ್ಲದಿರುವುದರಿಂದ ಆಂಟಿವೈರಸ್ ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಏನೂ ಸಿಗುವುದಿಲ್ಲ. ಅದರಿಂದ ಮಾಲೀಕರ ಹೆದರಿಕೆ ಇನ್ನಷ್ಟು ಹೆಚ್ಚುತ್ತದೆ. ಕ್ರೋಮಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದರೆ ಅನುಮತಿ ಪಡೆದ ತಾಣಗಳ ಪಟ್ಟಿ ಸಿಗುತ್ತದೆ. ಆ ಅಂಗಡಿಯ ಯಂತ್ರದಲ್ಲಿ ಹದಿನೇಳು ತಾಣಗಳಿದ್ದವು. ಗುರುತಿಲ್ಲದ ಪ್ರತಿಯೊಂದನ್ನೂ ತೆಗೆದು, ಇನ್ನು ಮುಂದೆ ಯಾವ ತಾಣವೂ ಈ ಅನುಮತಿಯನ್ನು ಕೇಳದಂತೆ ಅದೇ ಪುಟದಲ್ಲಿ ಮೇಲಿರುವ ಆಯ್ಕೆಯನ್ನು ಬದಲಿಸಿದರೆ ಆಯಿತು. ಎಡ್ಜ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿಯೂ ಇಂಥದೇ ಪಟ್ಟಿ ಇದೆ, ಆಂಡ್ರಾಯ್ಡ್ ಫೋನಿನ ಕ್ರೋಮಿನಲ್ಲಿಯೂ ಇದೆ. ಎರಡು ನಿಮಿಷದ ಕೆಲಸ.

ಮೂರನೆಯ ಸಾಧ್ಯತೆ, ಅಂದರೆ ಒಳಗೇ ಕೂತ ನಕಲಿ ರಕ್ಷಣಾ ತಂತ್ರಾಂಶ. ಇದಕ್ಕೆ ಉದ್ದದ ಇತಿಹಾಸವಿದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ವಿನ್‌ಫಿಕ್ಸರ್, ಎಕ್ಸ್‌ಪಿ ಆಂಟಿವೈರಸ್ ಮುಂತಾದ ಹೆಸರುಗಳಲ್ಲಿ ಇವು ಲೋಕವಿಡೀ ಹರಡಿದ್ದವು. 2008ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನ್ಯಾಯಾಲಯಕ್ಕೆ ಹೋಗಿ ಇವುಗಳ ಮಾರಾಟಕ್ಕೆ ತಡೆ ತಂದಾಗ, ಮೋಸಹೋದ ಗ್ರಾಹಕರ ಸಂಖ್ಯೆ 10 ಲಕ್ಷಕ್ಕೂ ಹೆಚ್ಚು ಎಂದು ಹೇಳಿತ್ತು. ಆಪಲ್ ಯಂತ್ರಗಳಿಗೆ ವೈರಸ್ ಬರುವುದಿಲ್ಲ ಎಂದು ನಂಬಿದವರನ್ನು 2011ರಲ್ಲಿ ಮ್ಯಾಕ್ ಡಿಫೆಂಡರ್ ಎಂಬ ನಕಲಿ ತಂತ್ರಾಂಶ ಎಚ್ಚರಿಸಿತು. ಇಂದು ಇವು ಅಷ್ಟು ಒರಟಾಗಿ ಬರುವುದಿಲ್ಲ. ಪಿಸಿ ಕ್ಲೀನರ್, ಡ್ರೈವರ್ ಅಪ್‌ಡೇಟರ್, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಸರಿಪಡಿಸುವ ಉಪಕರಣ ಎಂದು ಸಭ್ಯ ವೇಷದಲ್ಲಿ, ಬೇರೆ ಯಾವುದೋ ಉಚಿತ ತಂತ್ರಾಂಶದ ಜೊತೆಗೆ ಇಳಿದುಬರುತ್ತವೆ.

ಗುರುತಿಸುವ ಲಕ್ಷಣಗಳು ಹಳೆಯವೇ. ಸ್ಕ್ಯಾನ್ ಶುರುವಾಗಿ ಕೆಲವೇ ಕ್ಷಣಗಳಲ್ಲಿ ನೂರಾರು ದೋಷಗಳು “ಸಿಗುತ್ತವೆ”. ಆದರೆ ಲಕ್ಷಾಂತರ ಕಡತಗಳಿರುವ ಹಳೆಯ ಹಾರ್ಡ್‌ಡಿಸ್ಕನ್ನು ನಿಜವಾಗಿ ಓದಿ ಮುಗಿಸಲು ಗಂಟೆಗಳೇ ಬೇಕು. ಪತ್ತೆ ಪುಕ್ಕಟೆ, ಪರಿಹಾರಕ್ಕೆ ಮಾತ್ರ ಹಣ. ಯಾವ ಕಡತದಲ್ಲಿ ಏನಿದೆ ಎಂದು ಕೇಳಿದರೆ ಸ್ಪಷ್ಟವಾದ ವಿಳಾಸವಿಲ್ಲ, ಅಥವಾ ಜಾಲತಾಣಗಳ ಸಾಮಾನ್ಯ ಕುಕಿಗಳನ್ನೇ ಅಪಾಯವೆಂದು ಎಣಿಸಿರುತ್ತದೆ. ಹೊಸನಗರದ ಯಂತ್ರದ ಎರಡನೆಯ ದೋಷವಾಗಿದ್ದ ಇಂಥದೇ “ಕ್ಲೀನರ್” 614 ದೋಷಗಳನ್ನು ತೋರಿಸಿತ್ತು, ಮಾಲೀಕರು ಎರಡೂವರೆ ಸಾವಿರದಷ್ಟು ಕಟ್ಟಿ ಅವನ್ನು ಸರಿಪಡಿಸಿಕೊಂಡೂ ಇದ್ದರು. ಮರುವಾರ ಮತ್ತೆ 600ರ ಆಚೆ.

ಖಚಿತಪಡಿಸಿಕೊಳ್ಳಲು ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು, ಈಗ ಯಂತ್ರವನ್ನು ಕಾಯುತ್ತಿರುವ ಆಂಟಿವೈರಸ್ ಎಂದು ಅಲ್ಲಿ ಯಾವುದರ ಹೆಸರಿದೆ ಎಂದು ನೋಡಬೇಕು. ಅಸಲಿ ಆಂಟಿವೈರಸ್ ಸಾಮಾನ್ಯವಾಗಿ ಅಲ್ಲಿ ನೋಂದಾಯಿಸಿಕೊಳ್ಳುತ್ತದೆ, ಆಗ ವಿಂಡೋಸಿನ ಜೊತೆಗೇ ಬರುವ ಆಂಟಿವೈರಸ್ ಆದ ಮೈಕ್ರೋಸಾಫ್ಟ್ ಡಿಫೆಂಡರ್ ಹಿಂದೆ ಸರಿಯುತ್ತದೆ. ಪರದೆಯ ಮೇಲೆ ಗಲಾಟೆ ಮಾಡುತ್ತಿರುವ ಹೆಸರು ಅಲ್ಲಿ ಇಲ್ಲದಿದ್ದರೆ ಸಂಶಯ ಬಲವಾಗುತ್ತದೆ. ಇನ್ನೊಂದು ಸುಳಿವು ಕಡತ ಇರುವ ಜಾಗ. ಟಾಸ್ಕ್ ಮ್ಯಾನೇಜರಿನಲ್ಲಿ ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಡತದ ಸ್ಥಳ ತೆರೆಯಿರಿ. ಆಪ್‌ಡೇಟಾ ಅಥವಾ ಟೆಂಪ್ ಫೋಲ್ಡರಿನೊಳಗೆ ಅರ್ಥವಿಲ್ಲದ ಹೆಸರಿನಲ್ಲಿ ಕೂತಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಆ ಕಡತವನ್ನು ವೈರಸ್‌ಟೋಟಲ್ ತಾಣಕ್ಕೆ ಏರಿಸಿದರೆ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಂದೇ ಕಡೆ ದೊರೆಯುತ್ತದೆ. ಒಂದೆರಡು ಮಾತ್ರ ಕೆಂಪು ತೋರಿಸಿದರೆ ಅದು ತಪ್ಪು ಗುರುತಿಸುವಿಕೆಯೂ ಆಗಿರಬಹುದು, ಬಹುಪಾಲು ತೋರಿಸಿದರೆ ವಾದವೇ ಬೇಡ. ಆದರೆ ಪಹಣಿ, ಆಧಾರ್ ಪ್ರತಿಗಳಂಥ ಗಿರಾಕಿಗಳ ಕಾಗದಪತ್ರಗಳನ್ನು ಅಲ್ಲಿಗೆ ಏರಿಸಕೂಡದು, ಏರಿಸಿದ ಕಡತಗಳು ಹೊರಗಿನವರ ಕೈಗೂ ಸಿಗುತ್ತವೆ. ಡಿಜಿಟಲ್ ಸಹಿ ಇದೆ ಎಂಬ ಒಂದೇ ಕಾರಣಕ್ಕೆ ನಂಬುವುದೂ ಸರಿಯಲ್ಲ. ಹಣ ಕೊಟ್ಟು ಸಹಿ ಪಡೆದ ಮೋಸದ ಕಂಪನಿಗಳಿವೆ.

ತೆಗೆಯುವ ಕೆಲಸಕ್ಕೆ ಮುನ್ನ ಬೇಕಾದ ಕಡತಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಬೇಕು: ಲೆಕ್ಕಪತ್ರ, ಫೋಟೊ, ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಕಡತಗಳು. ಪ್ರೋಗ್ರಾಮ್‌ಗಳನ್ನು ನಕಲು ಮಾಡಬಾರದು, ಅವುಗಳ ಜೊತೆ ರೋಗವೂ ಹೊರಟುಬರುತ್ತದೆ. ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ) ಇರುವ ಲ್ಯಾಪ್‌ಟಾಪ್ ಆದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಸೇಫ್ ಮೋಡಿಗೆ, ಅಂದರೆ ವಿಂಡೋಸ್ ಅತ್ಯಗತ್ಯ ಭಾಗಗಳಷ್ಟನ್ನೇ ಎಬ್ಬಿಸುವ ಸ್ಥಿತಿಗೆ, ಹೋಗುವ ದಾರಿಯಲ್ಲಿ ಅದನ್ನು ಕೇಳುವುದುಂಟು. ಆಮೇಲೆ ಶಿಫ್ಟ್ ಒತ್ತಿ ಹಿಡಿದುಕೊಂಡು ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಹೋಗಿ, ಬರುವ ಪಟ್ಟಿಯಲ್ಲಿ 4 ಒತ್ತಿದರೆ ಯಂತ್ರ ಸೇಫ್ ಮೋಡಿನಲ್ಲಿ ಏಳುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ತನ್ನನ್ನು ಅಳಿಸಲು ಬಿಡದ ಪ್ರೋಗ್ರಾಮ್ ಇಲ್ಲಿ ಹೆಚ್ಚಾಗಿ ಎದ್ದಿರುವುದೇ ಇಲ್ಲ. ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಪಟ್ಟಿಯನ್ನು ಜೋಡಿಸಿ, ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಬಂದ ಅಪರಿಚಿತರನ್ನು ಅನ್‌ಇನ್‌ಸ್ಟಾಲ್ ಮಾಡಬೇಕು. ಕೆಲವು ಸೇಫ್ ಮೋಡಿನಲ್ಲಿ ಅನ್‌ಇನ್‌ಸ್ಟಾಲ್ ಆಗುವುದಿಲ್ಲ. ಅವನ್ನು ಸ್ಟಾರ್ಟಪ್ ಪಟ್ಟಿಯಲ್ಲಿ ನಿಲ್ಲಿಸಿ, ಸಾಮಾನ್ಯ ಸ್ಥಿತಿಗೆ ಮರಳಿದ ಮೇಲೆ ತೆಗೆಯಬೇಕು.

ಇಷ್ಟಕ್ಕೇ ನಿಲ್ಲಿಸಿದವರ ಯಂತ್ರ ತಿಂಗಳೊಳಗೆ ವಾಪಸು ಬರುತ್ತದೆ, ಏಕೆಂದರೆ ಬುಡ ಬೇರೆ ಕಡೆ ಉಳಿದಿರುತ್ತದೆ. ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರಿನಲ್ಲಿ ದಿನಕ್ಕೊಮ್ಮೆ ಅಥವಾ ಪ್ರತಿ ಲಾಗಿನ್‌ಗೆ ಏಳುವ ಅಪರಿಚಿತ ಕೆಲಸವೊಂದು ಪ್ರೋಗ್ರಾಮನ್ನು ಮತ್ತೆ ಇಳಿಸಿಕೊಳ್ಳಬಹುದು. ಬ್ರೌಸರಿನ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿದ ಕಿರು ತಂತ್ರಾಂಶ) ಪಟ್ಟಿಯನ್ನು ನೋಡಬೇಕು. ಮನೆಯ ಕಂಪ್ಯೂಟರಿನ ಕ್ರೋಮ್ “ನಿಮ್ಮ ಸಂಸ್ಥೆಯು ನಿರ್ವಹಿಸುತ್ತಿದೆ” ಎಂದು ಹೇಳುತ್ತಿದ್ದರೆ ಯಾರೋ ರಿಜಿಸ್ಟ್ರಿಯಲ್ಲಿ ನಿಯಮ ಬರೆದಿದ್ದಾರೆಂದು ಅರ್ಥ, ಆದರೆ ಕೆಲವು ಅಸಲಿ ಆಂಟಿವೈರಸ್‌ಗಳೂ ಹಾಗೆ ಬರೆಯುತ್ತವೆ. ನೆಟ್ ಸಂಪರ್ಕವನ್ನು ಬೇರೊಂದು ಯಂತ್ರದ ಮೂಲಕ ಹಾಯಿಸುವ ಪ್ರಾಕ್ಸಿ ಸೆಟ್ಟಿಂಗ್ ಯಾರೂ ಹಾಕದೆ ಆನ್ ಆಗಿದೆಯೇ, ಯಾವ ತಾಣದ ಹೆಸರು ಯಾವ ವಿಳಾಸಕ್ಕೆ ಹೋಗಬೇಕೆಂದು ಹೇಳುವ ಹೋಸ್ಟ್ಸ್ ಕಡತದಲ್ಲಿ ಆಂಟಿವೈರಸ್ ಕಂಪನಿಗಳ ವಿಳಾಸಗಳನ್ನು ತಡೆದ ಸಾಲುಗಳಿವೆಯೇ ಎಂದು ನೋಡಬೇಕು. ಬಹಳ ಜನ ನೋಡದ ಜಾಗ ಇನ್ನೊಂದಿದೆ: ವಿಂಡೋಸ್ ಸೆಕ್ಯುರಿಟಿಯೊಳಗಿನ ಎಕ್ಸ್‌ಕ್ಲೂಶನ್ಸ್, ಅಂದರೆ ಡಿಫೆಂಡರ್ ಪರೀಕ್ಷಿಸದೆ ಬಿಡುವ ಫೋಲ್ಡರುಗಳ ಪಟ್ಟಿ. ಅಲ್ಲಿ ಇಡೀ ಸಿ ಡ್ರೈವೇ ಸೇರಿದ್ದ ಯಂತ್ರವನ್ನು ನಾನು ಕಂಡಿದ್ದೇನೆ. ಡಿಫೆಂಡರ್ ತಿಂಗಳುಗಟ್ಟಲೆ ಎಲ್ಲವೂ ಸರಿಯಿದೆ ಎಂದು ಹಸಿರು ಗುರುತು ತೋರಿಸುತ್ತಿತ್ತು, ಪಾಪ, ಅದಕ್ಕೆ ನೋಡಲು ಏನನ್ನೂ ಬಿಟ್ಟಿರಲಿಲ್ಲ.

ಇವೆಲ್ಲ ಆದ ಮೇಲೆ ನೆಟ್ ಕೊಟ್ಟು ಡಿಫೆಂಡರನ್ನು ಅಪ್‌ಡೇಟ್ ಮಾಡಿ, ಸ್ಕ್ಯಾನ್ ಆಯ್ಕೆಗಳಲ್ಲಿರುವ ಆಫ್‌ಲೈನ್ ಸ್ಕ್ಯಾನ್ ನಡೆಸಬೇಕು. ಇದು ವಿಂಡೋಸ್ ಏಳುವ ಮೊದಲೇ ಹೊರಗಿನಿಂದ ಪರೀಕ್ಷಿಸುವುದರಿಂದ, ವಿಂಡೋಸ್ ನಡೆಯುತ್ತಿರುವಾಗ ಅವಿತುಕೊಳ್ಳುವಂಥವೂ ಸಿಕ್ಕಿಬೀಳುತ್ತವೆ. ಸುಮಾರು 15 ನಿಮಿಷ ಹಿಡಿಯುತ್ತದೆ. ಅನಂತರ ಸಾಮಾನ್ಯ ಸ್ಥಿತಿಯಲ್ಲಿ ಪೂರ್ಣ ಸ್ಕ್ಯಾನ್, ಎರಡನೆಯ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನಂಥ ಇನ್ನೊಂದು ಉಚಿತ ಸ್ಕ್ಯಾನರ್. ಜುಲೈ ತಿಂಗಳಲ್ಲಿ ನಮ್ಮ ಕಡೆ ಈ ಕೆಲಸಕ್ಕೆ ಮುಹೂರ್ತ ನೋಡಬೇಕಾಗುತ್ತದೆ: ಗುಡುಗು ಸಿಡಿಲಿನ ಹೊತ್ತು ಬೇಡ, ಯುಪಿಎಸ್ ಬ್ಯಾಟರಿ ಸತ್ತಿರುವ ಡೆಸ್ಕ್‌ಟಾಪಿನಲ್ಲಿ ಕರೆಂಟು ಹೋಗಿ ಬಂದು ಮಾಡುವ ದಿನವೂ ಬೇಡ. ಸ್ಕ್ಯಾನ್ ನಿಂತರೆ ಮತ್ತೆ ಹಚ್ಚಬಹುದು, ಆದರೆ ಸಿಸ್ಟಮ್ ಕಡತಗಳನ್ನು ಬದಲಿಸುತ್ತಿರುವಾಗ ಕರೆಂಟು ಹೋದರೆ ಯಂತ್ರ ಏಳದೆಯೇ ಹೋಗಬಹುದು.

ಮೂರನೆಯ ದೋಷ ಪೆನ್‌ಡ್ರೈವಿನದು. ಝೆರಾಕ್ಸ್ ಅಂಗಡಿ, ಶಾಲೆ, ಫೋಟೊ ಸ್ಟುಡಿಯೊಗಳ ಯಂತ್ರಗಳಿಗೆ ಇದು ತಪ್ಪಿದ್ದಲ್ಲ. ಪೆನ್‌ಡ್ರೈವ್ ತೆರೆದರೆ ನಿಜವಾದ ಫೋಲ್ಡರುಗಳು ಮಾಯವಾಗಿ, ಅವೇ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ ಕಾಣುತ್ತವೆ. ಇಡೀ ಡ್ರೈವಿನ ಹೆಸರಿನ ಒಂದೇ ಶಾರ್ಟ್‌ಕಟ್ ಇರುವುದೂ ಉಂಟು. ಅದನ್ನು ಒತ್ತಿದರೆ ಮೊದಲು ವರ್ಮ್, ಅಂದರೆ ತನ್ನನ್ನು ತಾನೇ ನಕಲಿಸಿಕೊಂಡು ಹರಡುವ ದುಷ್ಟ ಪ್ರೋಗ್ರಾಮ್, ಓಡುತ್ತದೆ, ಆಮೇಲೆ ಫೋಲ್ಡರ್ ತೆರೆದುಕೊಳ್ಳುತ್ತದೆ, ಆದ್ದರಿಂದ ಒತ್ತಿದವರಿಗೆ ಏನೂ ಅನಿಸುವುದಿಲ್ಲ. ಕಡತಗಳು ಅಳಿಸಿಹೋಗಿವೆ ಎಂದು ತಿಳಿದು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿದವರು ಬಹಳ. ಅವು ಎಲ್ಲಿಯೂ ಹೋಗಿರುವುದಿಲ್ಲ. ಮೊದಲು ಯಂತ್ರವನ್ನು ಶುದ್ಧಮಾಡಿಕೊಂಡು, ಫೋಲ್ಡರ್ ಆಪ್ಶನ್ಸ್‌ನಲ್ಲಿ ಅಡಗಿಸಿದ ಕಡತಗಳನ್ನು ತೋರಿಸುವ ಆಯ್ಕೆ ಹಾಕಿ, ರಕ್ಷಿತ ಸಿಸ್ಟಮ್ ಕಡತಗಳನ್ನು ಅಡಗಿಸುವ ಗುರುತನ್ನೂ ತೆಗೆದರೆ ಮಂಕಾದ ಬಣ್ಣದಲ್ಲಿ ಅವು ಕಾಣಿಸಿಕೊಳ್ಳುತ್ತವೆ. ಕೆಲವೊಮ್ಮೆ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ಎಲ್ಲವೂ ಇರುತ್ತವೆ. ಬೇಕಾದ ಕಡತಗಳನ್ನು ಮಾತ್ರ ಹೊರಗೆ ನಕಲು ಮಾಡಿ, ಶಾರ್ಟ್‌ಕಟ್‌ಗಳನ್ನೂ ಸ್ಕ್ರಿಪ್ಟ್ ಕಡತಗಳನ್ನೂ ಬಿಟ್ಟು, ಆಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಬೇಕು. ಯಂತ್ರದಲ್ಲಿ ವರ್ಮ್ ಇನ್ನೂ ಇದೆಯೇ ಎಂದು ತಿಳಿಯಲು ಖಾಲಿ ಪೆನ್‌ಡ್ರೈವ್ ಹಾಕಿ ನೋಡಿದರೆ ಸಾಕು. ಅರೆ ನಿಮಿಷದಲ್ಲಿ ಅದರಲ್ಲಿ ಶಾರ್ಟ್‌ಕಟ್ ಹುಟ್ಟಿದರೆ ಇದೆ ಎಂದೇ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇಂಥ ಕೆಲಸಕ್ಕೆ ಉಚಿತ ಉಪಕರಣಗಳನ್ನು ಕೊಡುತ್ತಿದೆ, ಅದರಲ್ಲಿ ಪೆನ್‌ಡ್ರೈವ್ ಬಳಕೆಯನ್ನು ನಿಯಂತ್ರಿಸುವ ಯುಎಸ್‌ಬಿ ಪ್ರತಿರೋಧ್ ಎಂಬುದೂ ಇದೆ.

ಎರಡು ಸಂದರ್ಭಗಳಲ್ಲಿ ಯಂತ್ರವನ್ನು ಸ್ವಚ್ಛಗೊಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪರದೆಯ ನಂಬರಿಗೆ ಕರೆ ಮಾಡಿ, ಆ ಕಡೆಯವರು ಹೇಳಿದಂತೆ ಎನಿಡೆಸ್ಕ್‌ನಂಥ ದೂರನಿಯಂತ್ರಣ ತಂತ್ರಾಂಶ ಹಾಕಿಕೊಂಡವರು ಮೊದಲು ನೆಟ್ ಕಿತ್ತು, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ದೂರು ಪಡೆಯುವ 1930 ಸಹಾಯವಾಣಿಗೂ ತಿಳಿಸಬೇಕು. ಹಣ ಹೋಗಿದ್ದರೆ ತಡಮಾಡಿದಷ್ಟೂ ಅದನ್ನು ತಡೆಹಿಡಿಯುವ ಅವಕಾಶ ಕಡಿಮೆಯಾಗುತ್ತದೆ. ಇನ್ನೊಂದು 2024ರಿಂದೀಚೆಗೆ ಹೆಚ್ಚಾಗಿರುವ ತಂತ್ರ. ರೋಬೋಟ್ ಅಲ್ಲವೆಂದು ತೋರಿಸಲು ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಪೇಸ್ಟ್ ಮಾಡಿ, ಎಂಟರ್ ಕೊಡಿ ಎಂದು ಪುಟ ಹೇಳುತ್ತದೆ. ಹಾಗೆ ಮಾಡಿದವರು ತಮ್ಮ ಕೈಯಾರೆ ಆಜ್ಞೆಯೊಂದನ್ನು ಓಡಿಸಿರುತ್ತಾರೆ, ಅದು ಹೆಚ್ಚಾಗಿ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಕ್ಷಣದಲ್ಲಿ ಕದ್ದು ಸಾಗಿಸುತ್ತದೆ. ಕದ್ದದ್ದನ್ನು ಸ್ಕ್ಯಾನ್ ಮರಳಿ ತರಲಾರದು. ಬೇರೊಂದು ಶುದ್ಧ ಯಂತ್ರದಿಂದ ಇಮೇಲ್ ಮೊದಲಾಗಿ ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಿಸಿ, ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಬೇಕು.

ಫಾರ್ಮ್ಯಾಟ್ ಎಂದೂ ಬೇಡವೆಂದಲ್ಲ. ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕಿದ್ದರೆ, ಪ್ರೋಗ್ರಾಮ್ ಕಡತಗಳೊಳಗೇ ತನ್ನನ್ನು ಬರೆದುಕೊಳ್ಳುವ ಸ್ಯಾಲಿಟಿ ಜಾತಿಯ ವೈರಸ್ ಇದ್ದರೆ, ಎರಡು ಸಲ ತೆಗೆದರೂ ಮರಳಿ ಬಂದರೆ, ನಾನೂ ಫಾರ್ಮ್ಯಾಟನ್ನೇ ಮಾಡುತ್ತೇನೆ. ರಾನ್ಸಮ್‌ವೇರ್ ಆಗಿದ್ದರೆ ಹಾಳಾದ ಕಡತಗಳ ಒಂದು ಪ್ರತಿಯನ್ನು ಇಟ್ಟುಕೊಂಡು, ನೋ ಮೋರ್ ರಾನ್ಸಮ್ ತಾಣದಲ್ಲಿ ಬಿಡಿಸುವ ಉಪಕರಣವಿದೆಯೇ ಎಂದು ನೋಡಿದ ಮೇಲೆ. ಆದರೆ ಫಾರ್ಮ್ಯಾಟಿನ ನಂತರ ಕ್ರೋಮಿಗೆ ಸೈನ್ ಇನ್ ಆದ ಕೂಡಲೇ ಹಳೆಯ ಎಕ್ಸ್‌ಟೆನ್ಶನ್‌ಗಳು ಸಿಂಕ್ ಆಗಿ ಹಿಂದಿರುಗುತ್ತವೆ ಎಂಬುದನ್ನು ಮರೆಯಬಾರದು. ವಿಂಡೋಸಿಗೋ ಆಫೀಸಿಗೋ ಕ್ರ್ಯಾಕ್ (ಹಣ ಕೊಡದೆ ಓಡಿಸಲು ಬಳಸುವ ಕಳ್ಳ ತಂತ್ರಾಂಶ) ಹಾಕಲು ಆಂಟಿವೈರಸ್ ನಿಲ್ಲಿಸಿ ಎಂಬ ಸೂಚನೆ ಬಂದರೆ, ರೋಗಕ್ಕೆ ಬಾಗಿಲು ತೆರೆದು ಕೂತಂತೆ. ನುಡಿ, ಬರಹಗಳನ್ನು ಕೂಡ ಅವುಗಳ ಅಧಿಕೃತ ತಾಣಗಳಿಂದಲೇ ಇಳಿಸಿಕೊಳ್ಳಬೇಕು. ಕನ್ನಡ ಟೈಪಿಂಗ್ ಎಂದು ಹುಡುಕಿದಾಗ ಮೇಲೆ ಬರುವ ಡೌನ್‌ಲೋಡ್ ತಾಣಗಳು ಜೊತೆಗೆ ಏನೇನನ್ನೋ ಕಟ್ಟಿಕೊಡುತ್ತವೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿರುವುದರಿಂದ, ಅಂಥ ಹಳೆಯ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವ ಮುನ್ನ ವಿಚಾರಮಾಡಬೇಕು.

ಹೊಸನಗರದ ಯಂತ್ರವನ್ನು ಫಾರ್ಮ್ಯಾಟ್ ಮಾಡದೆಯೇ ವಾಪಸು ಕಳಿಸಿದೆ. ನಾಲ್ಕನೆಯ ದಿನ ಮಾಲೀಕರ ಫೋನ್ ಬಂತು: ಚೌಕಗಳಿಲ್ಲ, ಕ್ಲೀನರ್ ಇಲ್ಲ, ಆದರೆ ಶಾರ್ಟ್‌ಕಟ್ ಮತ್ತೆ ಬಂದಿದೆ. ಕೇಳಿದಾಗ ತಿಳಿಯಿತು, ಅಂಗಡಿಯ ಪೆನ್‌ಡ್ರೈವ್ ಪ್ರತಿ ರಾತ್ರಿ ಮಗನ ಲ್ಯಾಪ್‌ಟಾಪಿಗೂ ಹೋಗಿ ಬರುತ್ತಿತ್ತು, ಆ ಲ್ಯಾಪ್‌ಟಾಪ್ ನನ್ನ ಮೇಜಿಗೆ ಬಂದೇ ಇರಲಿಲ್ಲ. ಅದನ್ನೂ, ಅಂಗಡಿಯ ಡ್ರಾಯರಿನಲ್ಲಿದ್ದ ನಾಲ್ಕು ಪೆನ್‌ಡ್ರೈವ್‌ಗಳನ್ನೂ ಒಂದೇ ದಿನ ತರಿಸಿಕೊಂಡು ಶುದ್ಧಮಾಡಿದ ಮೇಲೆ, ಎರಡೂ ಯಂತ್ರಗಳಲ್ಲಿ, ಇಂಥ ವರ್ಮ್‌ಗಳ ಸ್ಕ್ರಿಪ್ಟ್‌ಗಳನ್ನು ಓಡಿಸುವ ವಿಂಡೋಸಿನ ಸ್ಕ್ರಿಪ್ಟ್ ಹೋಸ್ಟನ್ನು ರಿಜಿಸ್ಟ್ರಿಯಲ್ಲಿ ನಿಲ್ಲಿಸಿದೆ. ಖಾಲಿ ಪೆನ್‌ಡ್ರೈವಿನ ಪರೀಕ್ಷೆಯನ್ನು ಅಲ್ಲಿಂದ ಒಂದು ವಾರ ಬಿಟ್ಟು ಅವರ ಅಂಗಡಿಯಲ್ಲಿಯೇ ಮಾಡಿದೆವು. ಪೆನ್‌ಡ್ರೈವ್ ಖಾಲಿಯಾಗಿಯೇ ಉಳಿಯಿತು.